ಕಟ್ಟೆ ರೋಗವೂ ನೆರೆಯ ಧರ್ಮವೂ

ತನ್ನ ತಪ್ಪೇನೂ ಇಲ್ಲದೆ ತನ್ನಿಂದ ಪರರಿಗೆ ಕೇಡಾಗುತ್ತಿದ್ದರೆ ಮನುಷ್ಯನು ಏನು ಮಾಡತಕ್ಕದ್ದು? ಈ ಪ್ರಶ್ನೆ ಹೊಸದಲ್ಲ. ಧರ್ಮಶಾಸ್ತ್ರಕಾರರೂ ನೀತಿಜ್ಞರೂ ಇದನ್ನು ಬಗೆಬಗೆಯಾಗಿ ವಿಚಾರಿಸಿದ್ದಾರೆ. ಆದರೆ ನನಗೆ ಅದು ಗ್ರಂಥದಿಂದ ಬಂದುದಲ್ಲ, ಒಂದು ಏಲಕ್ಕಿ ಗಿಡದ ಎಲೆಯಿಂದ ಬಂದುದು. ಆದಕಾರಣ ಆ ಎಲೆಯಿಂದಲೇ ಪ್ರಾರಂಭಿಸುತ್ತೇನೆ.

ಹೋದ ವರ್ಷ ಭಾದ್ರಪದದ ಕೊನೆಯಲ್ಲಿ, ಸಕಲೇಶಪುರದಿಂದಾಚೆ ಘಟ್ಟದ ಅಂಚಿನಲ್ಲಿರುವ ನನ್ನ ಸೋದರಮಾವನವರ ಮನೆಗೆ ಹೋಗಿದ್ದೆ. ಮಳೆ ಹಿಂದೆಗೆದಿತ್ತು, ಏಲಕ್ಕಿ ಕೊಯ್ಲಿನ ಮೊದಲ ಸುತ್ತು ನಡೆಯುತ್ತಿತ್ತು. ಮಾವನವರಿಗೆ ಎಪ್ಪತ್ತು ದಾಟಿದೆ. ತೋಟ ದೊಡ್ಡದೇನಲ್ಲ, ಹಳ್ಳದ ಮೇಲ್ಗಡೆ ಕಾಡುಮರಗಳ ನೆರಳಿನಲ್ಲಿ ಎರಡು ಎಕರೆ ಇದ್ದೀತು. ಒಂದು ಬುಡದ ಬಳಿ ನಿಂತು ಎಳೆಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ನಡುದಿಂಡಿನಿಂದ ಅಂಚಿನವರೆಗೆ ತೆಳುಹಸುರಾದ ಸಣ್ಣ ಗೆರೆಗಳು, ಒಂದರ ಪಕ್ಕದಲ್ಲೊಂದು, ನಡುನಡುವೆ ತುಂಡಾಗಿ ಹರಿದಿದ್ದುವು. ನೋಡುವುದಕ್ಕೆ ಕುರೂಪವೇನಲ್ಲ, ಯಾರೋ ಕೂತು ಎಳೆದ ಚಿತ್ರದಂತೆಯೇ ಇತ್ತು. “ಇದೇ ಕಟ್ಟೆ” ಎಂದರು.

ಹಳ್ಳದ ಕೆಳಗಿನ ತೋಟ ಒಬ್ಬ ತರುಣನದು. ಆತ ಸಾಲಮಾಡಿ ಹೊಸ ಸಸಿ ನೆಟ್ಟು ಎರಡು ವರ್ಷವಾಗಿತ್ತು. ಗಿಡಗಳಿನ್ನೂ ಮೊದಲ ಫಸಲನ್ನು ಕೊಟ್ಟಿರಲಿಲ್ಲ. ಅವನು ಎರಡು ಸಲ ಬಂದು, “ದೊಡ್ಡಯ್ಯ, ಆ ಬುಡಗಳನ್ನು ಕೀಳಿಸಿ ಹಾಕಿಬಿಡಿ. ನಿಮ್ಮಲ್ಲಿ ಇಪ್ಪತ್ತು ಬುಡ ಹೋದೀತು, ನನ್ನದು ತೋಟಕ್ಕೆ ತೋಟವೇ ಹೋಗುತ್ತದೆ” ಎಂದು ಬೇಡಿಕೊಂಡಿದ್ದನಂತೆ. ಮಾವನವರು ಕೀಳಿಸಿರಲಿಲ್ಲ.

“ಏಕೆ ಮಾವಯ್ಯ?” ಎಂದು ಕೇಳಿದೆ.

“ಇನ್ನೂ ಎರಡು ವರ್ಷದ ಕಾಯಿ ಇದರಲ್ಲುಂಟು. ಅದು ಹಾಗಿರಲಿ, ನಾನು ಮಾಡಿದ ತಪ್ಪೇನು ಹೇಳು. ರೋಗವನ್ನು ನಾನು ತಂದವನಲ್ಲ. ಗಿಡ ಅದನ್ನು ಕರೆಯಲಿಲ್ಲ. ಹೇನು ಹಾರಿದರೆ ಹಿಡಿದುಕೊಂಡು ಕೂಡಲಾರೆ. ತಪ್ಪು ಮಾಡದವನಿಗೆ ದಂಡ ಎಂದರೆ ಅದು ಯಾವ ಊರಿನ ನ್ಯಾಯ?”

ನನಗೆ ಆಗ ಉತ್ತರ ತೋರಲಿಲ್ಲ. ಈಗಲೂ ಪೂರ್ತಿಯಾಗಿ ತೋರಿದೆಯೆಂದು ಹೇಳಲಾರೆ. ಆದರೆ ಆ ಮಾತನ್ನು ಹಿಡಿದು ಒಂದು ವರ್ಷ ಓದಿದ್ದೇನೆ, ವಿಚಾರಿಸಿದ್ದೇನೆ.

ಮೊದಲು ಸಂಗತಿಯನ್ನು ತಿಳಿಯೋಣ. ಮಲೆನಾಡಿನ ಏಲಕ್ಕಿಗೆ ಕಟ್ಟೆಯು ಹಳೆಯ ಶತ್ರು. ಅದು ವೈರಸ್ಸಿನಿಂದ ಆಗತಕ್ಕದ್ದೆಂದು 1945ರಲ್ಲಿ ಉಪ್ಪಲ್, ವರ್ಮ, ಕಪೂರ್ ಎಂಬ ಸಸ್ಯರೋಗತಜ್ಞರು ಪ್ರಕಟಿಸಿದರು. ಎಳೆಯ ಗಿಡಕ್ಕೆ ತಗುಲಿದರೆ ಫಸಲಿನ ಆಸೆಯೇ ಇಲ್ಲ. ಬಲಿತ ಬುಡಕ್ಕೆ ತಗುಲಿದರೆ ಅದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ಕಂದುಗಳು ಸಣ್ಣವಾಗುತ್ತ, ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ಬೀಜದಿಂದ ಈ ರೋಗ ಬರುವುದಿಲ್ಲ, ಮಣ್ಣಿನಿಂದಲೂ ಬರುವುದಿಲ್ಲ. ಅದಕ್ಕಿರುವ ದಾರಿಗಳು ಎರಡೇ: ರೋಗದ ಬುಡವನ್ನು ಒಡೆದು ಕಂದು ನೆಟ್ಟರೆ ಅದರೊಡನೆ ಹೋಗುತ್ತದೆ, ಅಥವಾ ಎಲೆಯ ಪೊರೆಗಳ ಸಂದಿನಲ್ಲಿ ಅಡಗಿರುವ ಕಪ್ಪು ಸಸ್ಯಹೇನು ಅದನ್ನು ಒಯ್ಯುತ್ತದೆ. ರೋಗದ ಗಿಡದ ರಸವನ್ನು ಕೆಲವು ನಿಮಿಷ ಹೀರಿದರೆ ಸಾಕು, ಆ ಹೇನು ಪಕ್ಕದ ಗಿಡಕ್ಕೆ ಅದನ್ನು ಮುಟ್ಟಿಸಬಲ್ಲದು. ಸೋಂಕು ತಗುಲಿ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಕಳೆಯುವವರೆಗೆ ಗೆರೆ ಕಾಣಿಸದು. ಔಷಧವಿಲ್ಲ. ಗೆರೆ ಕಂಡ ಬುಡವನ್ನು ಗೆಡ್ಡೆಸಮೇತ ಕಿತ್ತು ನಾಶಮಾಡುವುದೊಂದೇ ಉಪಾಯ. ಅದೂ ಒಬ್ಬನು ಮಾಡಿ ನೆರೆಯವನು ಮಾಡದಿದ್ದರೆ ವ್ಯರ್ಥ. ಪಾಳುಬಿಟ್ಟ ತೋಟಗಳಲ್ಲಿ ತಾನಾಗಿ ಹುಟ್ಟಿ ಬೆಳೆದ ಏಲಕ್ಕಿ ಗಿಡಗಳು ರೋಗದ ಕಣಜವಾಗಿ ನಿಲ್ಲುತ್ತವೆ. ಕೆಸುವಿನ ಜಾತಿಯ ಕಾಡುಗಿಡಗಳ ಮೇಲೂ ಈ ಹೇನು ಸುಖವಾಗಿ ಬದುಕುತ್ತದೆ. ಕೊಕ್ಕೆ ಕಂದು ಎಂಬ ಮತ್ತೊಂದು ರೋಗವನ್ನೂ ಇದೇ ಹೇನು ಹೊತ್ತು ತಿರುಗುವುದುಂಟು. ಅದರ ವಿಚಾರ ಇಲ್ಲಿ ಬೇಡ.

ಇನ್ನು ಈ ವೈರಸ್ಸೆಂಬುದು ಏನು? ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ವಿಷವೆಂದೇ ಅರ್ಥ. ನಮ್ಮ ವಿಷ ಶಬ್ದವೂ ಅದೂ ಒಂದೇ ಮೂಲದಿಂದ ಹುಟ್ಟಿದ ಅಕ್ಕತಂಗಿಯರೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೊಗೆಸೊಪ್ಪಿನ ಎಲೆಯ ಮೇಲೆ ಮಚ್ಚೆ ಬರಿಸುವ ರೋಗವನ್ನು ಹಾಲೆಂಡಿನಲ್ಲಿ ಮಾಯರನು ಪರೀಕ್ಷಿಸಿ, ರೋಗದ ಎಲೆಯ ರಸದಿಂದಲೇ ಅದು ಅಂಟುವುದೆಂದು 1886ರಲ್ಲಿ ಬರೆದನು. 1892ರಲ್ಲಿ ರಷ್ಯದ ಇವಾನೋವ್‌ಸ್ಕಿಯು ಆ ರಸವನ್ನು ಬ್ಯಾಕ್ಟೀರಿಯಗಳೂ ದಾಟಲಾರದ ಸೂಕ್ಷ್ಮ ಶೋಧಕದಲ್ಲಿ ಸೋಸಿದರೂ ರೋಗ ಉಳಿಯಿತೆಂದು ಕಂಡನು. ಬೈಯರಿಂಕನು 1898ರಲ್ಲಿ ಅದನ್ನು ಜೀವವುಳ್ಳ ದ್ರವವೆಂದು ಕರೆದನು. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದನ್ನೇ ಉಪ್ಪುಸಕ್ಕರೆಗಳಂತೆ ಹರಳುಗಟ್ಟಿಸಿ ಸೀಸೆಯಲ್ಲಿ ಇಟ್ಟನು! ಸೀಸೆಯಲ್ಲಿರುವಾಗ ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಗಿಡದೊಳಕ್ಕೆ ಹೊಕ್ಕಿತೆಂದರೆ ಗಿಡದ ಯಂತ್ರವನ್ನೇ ಹಿಡಿದು ತನ್ನನ್ನು ಲಕ್ಷಾಂತರವಾಗಿ ನಕಲು ಮಾಡಿಸುತ್ತದೆ. ಅದು ಜೀವವೋ ಜಡವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ನಮ್ಮ ಪ್ರಕೃತಕ್ಕೆ ಬೇಕಾದುದು ಇಷ್ಟೆ: ಅದಕ್ಕೆ ಸಂಕಲ್ಪವಿಲ್ಲ. ಅದನ್ನು ದುಷ್ಟವೆನ್ನುವುದು ಹೊಳೆಯ ಮಹಾಪೂರವನ್ನು ದುಷ್ಟವೆಂದಂತೆ. ಹೇನಿಗೂ ಸಂಕಲ್ಪವಿಲ್ಲ, ಹಸಿವಿದೆ. ಗಿಡಕ್ಕೆ ಅದೂ ಇಲ್ಲ. ಮಾವನವರಿಗಂತೂ ಯಾವ ದುರುದ್ದೇಶವೂ ಇರಲಿಲ್ಲ. ಹೀಗೆ ಈ ಸರಪಣಿಯ ಕೊಂಡಿ ಕೊಂಡಿಯನ್ನೂ ಹಿಡಿದು ನೋಡಿದರೆ ತಪ್ಪಿತಸ್ಥನು ಎಲ್ಲಿಯೂ ಸಿಕ್ಕುವುದಿಲ್ಲ; ಆದರೂ ಕೊನೆಯಲ್ಲಿ ಒಬ್ಬ ತರುಣನ ತೋಟ ಹಾಳಾಗುತ್ತದೆ.

ತಪ್ಪಿತಸ್ಥನು ಸಿಕ್ಕದಾಗ ಮನುಷ್ಯನು ಸುಮ್ಮನಿರುವನೆ? ಒಬ್ಬನನ್ನು ಹುಡುಕಿ ನಿಲ್ಲಿಸುತ್ತಾನೆ. ಕೃಷಿಗ್ರಂಥಗಳಲ್ಲಿ ಆ ಸ್ಥಾನ ಬಹುಕಾಲದಿಂದ ಕಾಡುಗಿಡಕ್ಕೆ ಸಂದಿದೆ. ಬೇಲಿಯ ಗಿಡ, ಬದುವಿನ ಕಳೆ, ಕಾಡಿನ ಮರ, ಇವುಗಳಲ್ಲಿ ವೈರಸ್ಸು ಅಡಗಿದ್ದು ಬೆಳೆಯ ಮೇಲೆ ದಾಳಿಯಿಡುತ್ತದೆ ಎಂಬ ಧಾಟಿಯ ವಾಕ್ಯಗಳನ್ನು ಎಲ್ಲಿಯೂ ಓದಬಹುದು. ಮಾತು ಸುಳ್ಳೆಂದಲ್ಲ. ಆದರೆ ಅರ್ಧ ಮಾತು. ಈಚೆಗೆ ಕಾಡುಗಿಡಗಳನ್ನು ಅವು ಕಾಯಿಲೆಯಾಗಿವೆಯೆ ಎಂದು ನೋಡದೆ, ಸುಮ್ಮನೆ ಸಿಕ್ಕಸಿಕ್ಕವುಗಳ ಎಲೆಯನ್ನು ತಂದು ಪರೀಕ್ಷಿಸಿದ್ದಾರೆ. ಅವುಗಳೊಳಗೆ ಎಷ್ಟೋ ಗಿಡಗಳಲ್ಲಿ ವೈರಸ್ಸುಗಳಿದ್ದುವು. ಬಹುಮಟ್ಟಿಗೆ ರೋಗದ ಚಿಹ್ನೆಯೇ ಇರಲಿಲ್ಲ. ಗಿಡವೂ ಅದೂ ಬಹುಕಾಲದಿಂದ ಒಂದೇ ಮನೆಯಲ್ಲಿ ಬಾಳಿ ಒಬ್ಬರನ್ನೊಬ್ಬರು ಸಹಿಸಿಕೊಂಡಿರುವ ಹಾಗೆ ತೋರುತ್ತದೆ. ಸಹಿಸುವುದಷ್ಟೇ ಅಲ್ಲ. ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಗಳ ಬಳಿ, ಬೇರೆ ಸಸ್ಯಗಳು ಸುಟ್ಟುಹೋಗುವ ನೆಲದಲ್ಲಿ, ಒಂದು ಹುಲ್ಲು ಬೆಳೆಯುತ್ತದೆ. ಆ ಹುಲ್ಲಿನೊಳಗೆ ಒಂದು ಬೂಷ್ಟು. ಆ ಬೂಷ್ಟಿನೊಳಗೆ ಒಂದು ವೈರಸ್ಸು. ವೈರಸ್ಸನ್ನು ತೆಗೆದುಬಿಟ್ಟರೆ ಹುಲ್ಲು ಆ ಕಾವನ್ನು ತಾಳಲಾರದೆಂದು 2007ರಲ್ಲಿ ತೋರಿಸಿಕೊಟ್ಟರು. ನಾವು ವಿಷವೆಂದು ಹೆಸರಿಟ್ಟದ್ದು ಅಲ್ಲಿ ಪ್ರಾಣರಕ್ಷಕವಾಗಿದೆ.

ಎಲೆ ಹಳದಿಯಾದರೂ ಅದನ್ನು ರೋಗವೆಂದು ಕಾಣುವುದು ನೋಡುವವನ ಕಣ್ಣನ್ನು ಅವಲಂಬಿಸಿದೆ. ಕ್ರಿ. ಶ. 752ರಲ್ಲಿ ಜಪಾನಿನ ಕೋಕೆನ್ ಚಕ್ರವರ್ತಿನಿಯು ಬೇಸಗೆಯ ಬಯಲಿನಲ್ಲಿ ಒಂದು ಕಾಡುಗಿಡದ ಎಲೆ ಹಳದಿಯಾಗಿದ್ದುದನ್ನು ಕಂಡು ಕವಿತೆ ಕಟ್ಟಿದಳು. ಅದು ಮಾನ್ಯೋಶೂ ಎಂಬ ಸಂಕಲನದಲ್ಲಿ ಸೇರಿದೆ. ಆಕೆಗೆ ಕಂಡದ್ದು ಅಕಾಲದಲ್ಲಿ ಬಂದ ಶರತ್ತು. ಅದು ವೈರಸ್ಸಿನ ಕೆಲಸವೆಂದು 2003ರಲ್ಲಿ ಪರಿಶೋಧಕರು ಪ್ರಯೋಗದಿಂದ ಸ್ಥಾಪಿಸಿದರು; ಸಸ್ಯವೈರಸ್ಸಿನ ರೋಗಕ್ಕೆ ಲಿಖಿತವಾಗಿ ದೊರೆತ ಅತಿಪ್ರಾಚೀನ ಸಾಕ್ಷ್ಯವು ಹೀಗೆ ಕಾವ್ಯದಲ್ಲಿ ಸಿಕ್ಕಿತು. ಹಾಲೆಂಡಿನವರ ಸಂಗತಿ ಇನ್ನೂ ವಿಚಿತ್ರ. ಟ್ಯೂಲಿಪ್ ಹೂವಿನ ದಳದ ಮೇಲೆ ಜ್ವಾಲೆಯಂತೆ ಬಣ್ಣ ಒಡೆದು ಹರಿಯುವ ಗೆಡ್ಡೆಗಳಿಗೆ ಅವರು ಮನೆಮಠಗಳನ್ನು ಒತ್ತೆಯಿಡುವಷ್ಟು ಮರುಳಾಗಿ, 1637ರ ಫೆಬ್ರವರಿಯಲ್ಲಿ ಬೆಲೆ ಕುಸಿದಾಗ ತಲೆಯ ಮೇಲೆ ಕೈಹೊತ್ತರು. ಆ ಜ್ವಾಲೆಯು ಗೆಡ್ಡೆಯಿಂದ ಗೆಡ್ಡೆಗೆ ಅಂಟುವ ಸೋಂಕೆಂದು ಡೊರೊತಿ ಕೇಲಿ ಎಂಬಾಕೆ 1928ರಲ್ಲಿ ತೋರಿಸಿದಳು. ಅಂದರೆ ಜನರು ಹೊನ್ನು ಸುರಿದು ರೋಗವನ್ನು ಕೊಂಡಿದ್ದರು. ನಾನು ಮಾವನವರ ತೋಟದಲ್ಲಿ ಎಲೆಯ ಗೆರೆಗಳನ್ನು ಚಿತ್ರವೆಂದು ನೋಡಿದುದೂ ಅದೇ ಬಗೆಯ ಕುರುಡೇ ಸರಿ.

ಹಾಗಾದರೆ ರೋಗವು ಎಲ್ಲಿದೆ? ವೈರಸ್ಸಿನೊಳಗೆ ಇದೆಯೆಂದರೆ ಕಾಡುಗಿಡವೂ ಸಾಯಬೇಕಾಗಿತ್ತು. ಗಿಡದೊಳಗೆ ಇದೆಯೆಂದರೆ ವೈರಸ್ಸು ಬರುವುದಕ್ಕೆ ಮುಂಚೆಯೂ ಇರಬೇಕಾಗಿತ್ತು. ನನ್ನ ಮಟ್ಟಿಗೆ ತೋರುವುದೇನೆಂದರೆ, ಅದು ಬಹುಪಾಲು ನಾವು ಗಿಡಗಳನ್ನು ನಿಲ್ಲಿಸಿರುವ ರೀತಿಯಲ್ಲಿದೆ. ಕಾಡಿನಲ್ಲಿ ಒಂದು ಜಾತಿಯ ಗಿಡದ ಪಕ್ಕದಲ್ಲಿ ಬೇರೆ ಜಾತಿಯದು. ಹೇನು ಹಾರಿದರೂ ತನಗೆ ಬೇಕಾದುದು ಸಿಕ್ಕುವುದು ಅನುಮಾನ. ತೋಟದಲ್ಲಿ ಒಂದೇ ಜಾತಿ, ಒಂದೇ ವಯಸ್ಸು, ಎಲೆಗೆ ಎಲೆ ತಾಗುವಂತೆ ಸಾವಿರ ಗಿಡ. ಕಿಡಿ ಅದೇ, ಒಂದು ಕಡೆ ಹಸಿಯ ಕಾಡು, ಇನ್ನೊಂದು ಕಡೆ ಒಣಹುಲ್ಲಿನ ಬಣವೆ. ಹಿಂದೆ ಕೊಡಗಿನ ಏಲಕ್ಕಿ ಮಲೆಗಳಲ್ಲಿ ನಟ್ಟು ಬೆಳೆಸುವ ಪದ್ಧತಿಯೇ ಇರಲಿಲ್ಲ. ಕಾಡಿನ ಒಂದು ಹೆಮ್ಮರವನ್ನು ಉರುಳಿಸಿದರೆ ಅಷ್ಟಗಲ ಬೆಳಕು ಬಿದ್ದು, ನೆಲದಲ್ಲಿದ್ದ ಏಲಕ್ಕಿ ತಾನಾಗಿ ಮೊಳೆಯುತ್ತಿತ್ತು. ಅದು ಕಾಡುಗಿಡವೋ ಬೆಳೆಯೋ ಎಂದು ಆಗ ಕೇಳಿದ್ದರೆ ಮಲೆಯ ಒಡೆಯನು ನಕ್ಕುಬಿಡುತ್ತಿದ್ದನು.

ಸೋಂಕು ಕಾಡಿನಿಂದಲೇ ನಾಡಿಗೆ ಬರುವುದೆಂಬ ನಿಯಮವೂ ಇಲ್ಲ. ಕ್ಯಾಲಿಫೋರ್ನಿಯದಲ್ಲಿ ಯೂರೋಪಿನಿಂದ ಹೋದ ಹುಲ್ಲುಗಳು ಅಲ್ಲಿನ ಮೂಲದ ಹುಲ್ಲುಗಳನ್ನು ಹಿಂದಕ್ಕೆ ತಳ್ಳಿ ಬಯಲುಬಯಲನ್ನೇ ಆಕ್ರಮಿಸಿವೆ. ಹೊಸ ಹುಲ್ಲು ಇರುವಲ್ಲಿ ಹೇನು ಹೆಚ್ಚುತ್ತದೆ. ಹೇನು ಹೆಚ್ಚಿದಲ್ಲಿ ಬಾರ್ಲಿಯನ್ನು ಹಳದಿಮಾಡಿ ಕುಬ್ಜವಾಗಿಸುವ ವೈರಸ್ಸು ಮೂಲದ ಹುಲ್ಲಿಗೆ ಹೆಚ್ಚಾಗಿ ತಗಲುತ್ತದೆ ಎಂದು 2005ರಲ್ಲಿ ಪ್ರಕಟವಾದ ಪರಿಶೋಧನೆ ಹೇಳುತ್ತದೆ. ಅಲ್ಲಿ ಬಂದ ನೆಂಟನು ಮನೆಯವನಿಗೆ ರೋಗ ಹಂಚಿದನು. ಆದರೆ ಹುಲ್ಲಿನ ಪರವಾಗಿ ದಾವೆ ಹೂಡುವವರು ಯಾರು?

ಈ ಪ್ರಶ್ನೆಯು ಮನುಷ್ಯರ ರಕ್ತದವರೆಗೂ ಹೋದ ಒಂದು ಪ್ರಸಂಗವುಂಟು. ಅದನ್ನು ತುಸು ವಿಸ್ತಾರವಾಗಿ ಹೇಳಬೇಕು. ಏತಕ್ಕೆಂದರೆ ಮಾವನವರ ಮಾತು ಅಲ್ಲಿ ಒಂದು ದೇಶದ ಮಾತಾಯಿತು.

ಕೋಕೋ ಮರವು ದಕ್ಷಿಣ ಅಮೆರಿಕದ್ದು. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನ ದೇಶಕ್ಕೆ, ಟೆಟ್ಟೆ ಕ್ವಾರ್ಶಿ ಎಂಬಾತನು 1879ರಲ್ಲಿ ಅದನ್ನು ತಂದು ನೆಟ್ಟನೆಂದು ಅಲ್ಲಿಯವರು ಕೃತಜ್ಞತೆಯಿಂದ ಹೇಳುತ್ತಾರೆ. ನಲವತ್ತು ವರ್ಷ ತುಂಬುವುದಕ್ಕೆ ಮುಂಚೆಯೇ ಆ ದೇಶವು ಕೋಕೋ ಬೆಳೆಯುವುದರಲ್ಲಿ ಲೋಕಕ್ಕೆಲ್ಲ ಮೊದಲನೆಯದಾಯಿತು. ಇದು ದೊರೆಗಳ ತೋಟಗಳಿಂದ ಆದುದಲ್ಲ. ಸಣ್ಣ ಸಣ್ಣ ರೈತರು ಕಾಡಿನ ನೆರಳಿನಲ್ಲಿ ನೆಟ್ಟ ಮರಗಳಿಂದ ಆದದ್ದು. 1936ರಲ್ಲಿ ಕೊಫೊರಿಡುವದ ಬಳಿ ಮರಗಳ ಎಳೆಗೊಂಬೆಗಳು ಊದಿಕೊಂಡು, ಎಲೆ ಕೆಂಪೇರಿ, ಮರ ಸಾಯುವುದು ಗಮನಕ್ಕೆ ಬಂದಿತು. ಕೆಲವೇ ವರ್ಷಗಳಲ್ಲಿ ಪಾಸ್ನೆಟ್ ಎಂಬ ವಿಜ್ಞಾನಿಯು ಇದಕ್ಕೆ ವೈರಸ್ಸೇ ಕಾರಣವೆಂದು ತೋರಿಸಿದನು. ಅದನ್ನು ಹೊತ್ತು ನಡೆಯುವುದು ಹಿಟ್ಟುತಿಗಣೆ. ಆ ತಿಗಣೆಯ ಸಿಹಿ ಸ್ರಾವಕ್ಕಾಗಿ ಅದನ್ನು ಹಸುವಿನಂತೆ ಸಾಕುವುದು ಇರುವೆ. ವೈರಸ್ಸಿನ ಮೂಲಸ್ಥಾನ ಕೋಕೋ ಅಲ್ಲವೇ ಅಲ್ಲ. ಅದು ಆ ಕಾಡಿನ ಸ್ವಂತ ಮರಗಳಲ್ಲಿ, ಕೋಲ ಜಾತಿಯವುಗಳಲ್ಲಿ, ಬಿಳಿಬೂರುಗದಲ್ಲಿ, ಬೇವೋಬಾಬಿನಲ್ಲಿ ಮೊದಲಿನಿಂದ ಇದ್ದದ್ದು. (ಈ ಬೇವೋಬಾಬ್ ನಮಗೆ ತೀರ ಅಪರಿಚಿತವಲ್ಲ, ಸವಣೂರಿನ ದೊಡ್ಡ ಹುಣಸೆ ಎಂದು ಹೆಸರಾದ ಹೆಮ್ಮರ ಅದೇ ಜಾತಿಯದು.) ಆ ಮರಗಳಿಗೆ ಅದೊಂದು ಹೊರೆಯಾಗಿರಲಿಲ್ಲ. ಪರದೇಶದಿಂದ ಬಂದ ಕೋಕೋ ಮರಕ್ಕೆ ಅದೇ ಮೃತ್ಯುವಾಯಿತು. ಉಗ್ರವಾದ ಜಾತಿಯ ವೈರಸ್ಸು ತಗುಲಿದರೆ ಮರವು ಎರಡು ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲದು.

ಔಷಧವಿಲ್ಲ; ಕಡಿಯುವುದೇ ಉಪಾಯ. ಕೆಲವು ಕಾಲ ರೈತರನ್ನು ಒಡಂಬಡಿಸಿ ನೋಡಿ, ಯುದ್ಧಾನಂತರ ಸರ್ಕಾರವು ಕಡಿತವನ್ನು ಕಡ್ಡಾಯಮಾಡಿತು. ರೈತನು ಬೆಳಗ್ಗೆ ಎದ್ದು ನೋಡಿದರೆ ಸರ್ಕಾರದ ಆಳುಗಳು ಕತ್ತಿ ಹಿಡಿದು ತೋಟಕ್ಕೆ ನುಗ್ಗಿ, ಮೈತುಂಬ ಕಾಯಿ ಹೊತ್ತ ಮರವನ್ನು ಉರುಳಿಸುತ್ತಿದ್ದರು. “ಈ ಮರ ಹೇಗೂ ಸಾಯುತ್ತದೆ” ಎಂಬುದು ಅವರ ವಾದ. “ಈ ವರ್ಷ ಸಾಯುವುದಿಲ್ಲವಲ್ಲ” ಎಂಬುದು ಇವನ ವಾದ. ಸೋಂಕು ಬಹುಕಾಲ ಕಣ್ಣಿಗೆ ಕಾಣದಿರುವುದರಿಂದ ರೋಗದ ಮರಕ್ಕೆ ತಾಗಿ ನಿಂತ, ನೋಡುವುದಕ್ಕೆ ಸಂಪೂರ್ಣ ಆರೋಗ್ಯವಾದ ಮರಗಳನ್ನೂ ಕೆಡಹಬೇಕೆಂಬ ವಿಧಿ ಆಮೇಲೆ ಬಂತು. ಕಂಡ ತಪ್ಪಿಗಾಗಿ ಅಲ್ಲ, ಕಾಣದ ಸಂದೇಹಕ್ಕಾಗಿ ದಂಡ! ಇತ್ತ ಕೋಕೋ ಖರೀದಿಗೆಂದು 1947ರಲ್ಲಿ ಸ್ಥಾಪಿತವಾದ ಮಾರಾಟ ಮಂಡಳಿಯು ಲೋಕದ ಪೇಟೆಯ ಬೆಲೆಗಿಂತ ಕಡಿಮೆಯನ್ನು ರೈತನಿಗೆ ಕೊಟ್ಟು ಉಳಿದುದನ್ನು ಶೇಖರಿಸುತ್ತಿತ್ತು. ಬಿಳಿಯರು ನಮ್ಮ ಕೋಕೋವನ್ನು ಬೇಕೆಂದೇ ನಾಶಮಾಡಿಸುತ್ತಿದ್ದಾರೆ ಎಂಬ ಗುಮಾನಿ ಹಳ್ಳಿಹಳ್ಳಿಗೂ ಹಬ್ಬಿತು. 1948ರ ಫೆಬ್ರವರಿ 28ರಂದು ಆಕ್ರದಲ್ಲಿ ತಮ್ಮ ಅಹವಾಲನ್ನು ಹೊತ್ತು ಮೆರವಣಿಗೆ ಹೊರಟ ನಿವೃತ್ತ ಸಿಪಾಯಿಗಳ ಮೇಲೆ ಗುಂಡು ಹಾರಿ ಮೂವರು ಸತ್ತರು, ದೊಂಬಿ ಎದ್ದಿತು. ವಿಚಾರಣೆಗೆ ಬಂದ ವಾಟ್ಸನ್ ಆಯೋಗವು ಜನರ ಕೋಪದ ಕಾರಣಗಳನ್ನು ಎಣಿಸುವಾಗ ಕೋಕೋ ಮರಗಳ ಕಡಿತವನ್ನೂ ಎಣಿಸಿತು. ಒಂದು ಗಿಡದ ಕಾಯಿಲೆ ಒಂದು ಸಾಮ್ರಾಜ್ಯದ ತಳಪಾಯವನ್ನು ಅಲ್ಲಾಡಿಸುವುದರಲ್ಲಿ ತನ್ನ ಪಾಲನ್ನು ಸಲ್ಲಿಸಿತು.

ಇಲ್ಲಿಯವರೆಗೆ ಕೇಳಿದವರು ರೈತನೇ ಸರಿ, ಸರ್ಕಾರವೇ ತಪ್ಪು ಎಂದು ತೀರ್ಪು ಹೇಳಿಬಿಡುವುದು ಸುಲಭ. ಆದರೆ ಅದೇ ವರ್ಷ ಹೊರದೇಶಗಳ ವಿಜ್ಞಾನಿಗಳ ಒಂದು ಸಮಿತಿಯು ಬಂದು ನೋಡಿ, ಕಡಿಯುವುದರ ವಿನಾ ಬೇರೆ ದಾರಿಯಿಲ್ಲವೆಂದೇ ಹೇಳಿತು. ಆಮೇಲೆ ಅಧಿಕಾರಕ್ಕೆ ಬಂದ ಆ ದೇಶದ ಸ್ವಂತ ನಾಯಕರು ಬಲಾತ್ಕಾರದ ಕಡಿತವನ್ನು ನಿಲ್ಲಿಸಿ ಜನಪ್ರಿಯರಾದರು. ಕೊನೆಗೆ ಅವರೂ ಕಡಿಯಲೇಬೇಕಾಯಿತು. ದಶಕಗಳಲ್ಲಿ ಅಲ್ಲಿ ಬಿದ್ದ ಕೋಕೋ ಮರಗಳು 20 ಕೋಟಿಗೂ ಮಿಗಿಲೆಂದು ಲೆಕ್ಕ. ರೋಗ ಇನ್ನೂ ಹೋಗಿಲ್ಲ. ಹೀಗೆ ವಿಜ್ಞಾನದ ಮಾತೂ ನಿಜ, ರೈತನ ನೋವೂ ನಿಜ. ಕಡಿದದ್ದು ತಪ್ಪಲ್ಲದಿದ್ದರೆ ತಪ್ಪಾದುದು ಎಲ್ಲಿ?

ವಿದುರನು ಧೃತರಾಷ್ಟ್ರನಿಗೆ ಹೇಳಿದ ಒಂದು ನೀತಿಯುಂಟು. ಕುಲದ ಹಿತಕ್ಕಾಗಿ ಒಬ್ಬನನ್ನು, ಊರಿನ ಹಿತಕ್ಕಾಗಿ ಕುಲವನ್ನು ತೊರೆಯಬೇಕೆಂಬ ತಾತ್ಪರ್ಯದ್ದು. ಬಹುಜನರ ಹಿತದ ಹೆಸರಿನಲ್ಲಿ ಒಬ್ಬನ ಬಾಳನ್ನು ಹರಣಮಾಡಲು ಹೊರಟ ಅಧಿಕಾರಿಗಳೂ ರಾಜಕಾರಣಿಗಳೂ ಇದನ್ನು ಬಲು ಪ್ರೀತಿಯಿಂದ ಉದಾಹರಿಸುತ್ತಾರೆ. ಆದರೆ ಆ ಮಾತನ್ನು ಯಾರಿಗೆ ಹೇಳಿದ್ದೆಂಬುದನ್ನು ಅವರು ನೋಡುವುದಿಲ್ಲ. ವಿದುರನು ಅದನ್ನು ಹೇಳಿದ್ದು ತಂದೆಗೆ. ತೊರೆಯಬೇಕೆಂದದ್ದು ಅವನ ಸ್ವಂತ ಮಗನನ್ನು. ತ್ಯಾಗವೆಂಬ ಕ್ರಿಯೆಗೆ ಕರ್ತೃವು ಕಳೆದುಕೊಳ್ಳುವವನೇ ಆಗಿರಬೇಕು. ಪರರ ವಸ್ತುವನ್ನು ನಾನು ತ್ಯಾಗಮಾಡಿದೆನೆಂದರೆ ವ್ಯಾಕರಣವೂ ಒಪ್ಪುವುದಿಲ್ಲ. ಗೋಲ್ಡ್ ಕೋಸ್ಟಿನಲ್ಲಿ ಮರ ಬಿದ್ದದ್ದು ಒಬ್ಬನದು, ಉಳಿದದ್ದು ನೆರೆಯವನದು, ಲಾಭ ಮಂಡಳಿಯದು, ಚಾಕೊಲೇಟಿನ ಸವಿ ದೂರದೇಶದ ಮಕ್ಕಳದು. ಇವರಲ್ಲಿ ಯಾರೂ ಬಿದ್ದ ಮರದ ಬುಡದ ಬಳಿ ಬಂದು ನಿಂತು, ಇದರಲ್ಲಿ ನಮ್ಮ ಪಾಲೂ ಇದೆ ಎನ್ನಲಿಲ್ಲ. ಕಡಿದ ಮರಕ್ಕೆ ಪರಿಹಾರವೆಂದು ಕೊಟ್ಟ ಹಣವು ರೈತನ ಕಣ್ಣಿಗೆ ಋಣ ತೀರಿಸಿದಂತೆ ಕಾಣಲಿಲ್ಲ, ಬಾಯಿ ಮುಚ್ಚಿಸಿದಂತೆ ಕಂಡಿತು.

ಈಗ ಮಾವನವರ ಪ್ರಶ್ನೆಗೆ ಹಿಂದಿರುಗುತ್ತೇನೆ. ತಪ್ಪು ಮಾಡದವನಿಗೆ ದಂಡ ಉಂಟೆ? ಇಲ್ಲ, ಇದರಲ್ಲಿ ಅವರ ಮಾತು ನಿಸ್ಸಂಶಯವಾಗಿ ಸರಿ. ಆದರೆ ಬುಡ ಕೀಳುವುದನ್ನು ಅವರು ದಂಡವೆಂದು ಭಾವಿಸಿದ್ದರಲ್ಲಿಯೇ ಎಡವಟ್ಟು ಇದೆಯೆಂದು ನನಗೆ ತೋರುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಪದವಿದೆ: ಹೊಣೆ. ಈಗ ಅದನ್ನು ಕರ್ತವ್ಯ, ಜವಾಬ್ದಾರಿ ಎಂಬ ಸಡಿಲವಾದ ಅರ್ಥದಲ್ಲಿ ಬಳಸುತ್ತೇವೆ. ಅದರ ಹಳೆಯ ಅರ್ಥ ಜಾಮೀನು. ಹೊಣೆ ನಿಂತವನು ಸಾಲ ಮಾಡಿದವನಲ್ಲ. ಒಂದು ಕಾಸನ್ನೂ ಅವನು ಮುಟ್ಟಿಲ್ಲ. ಆದರೂ ಸಾಲಗಾರ ಓಡಿಹೋದ ದಿನ ಸಾಹುಕಾರನು ಇವನ ಬಾಗಿಲಿಗೆ ಬಂದರೆ, ನನ್ನ ತಪ್ಪೇನು ಎಂದು ಇವನು ಕೇಳುವುದಿಲ್ಲ. ಕೊಡುತ್ತಾನೆ. ಅದು ದಂಡವಲ್ಲ. ಅದರಿಂದ ಅವನ ಮರ್ಯಾದೆಗೆ ಕುಂದಿಲ್ಲ. ಊರಲ್ಲಿ ಅವನ ಗೌರವ ಹೆಚ್ಚೇ ಆಗುತ್ತದೆ.

ಹೊಣೆ ನಿಂತವನು ತಾನಾಗಿ ರುಜು ಹಾಕಿರುತ್ತಾನೆ, ಮಾವನವರು ಯಾವ ಪತ್ರಕ್ಕೆ ರುಜು ಹಾಕಿದ್ದರು ಎಂದು ಕೇಳಬಹುದು. ಸಮಂಜಸವಾದ ಆಕ್ಷೇಪ, ಬಹಳ ದಿನ ಇದು ನನ್ನನ್ನು ತಡೆಯಿತು. ನನಗೆ ಹೊಳೆದ ಸಮಾಧಾನ ಇಷ್ಟು. ಕಾಡಿನ ಗಿಡ ಯಾವ ಪತ್ರಕ್ಕೂ ರುಜು ಹಾಕಿಲ್ಲ. ಆದರೆ ಹಳ್ಳದ ಮೇಲ್ಗಡೆ ಒಬ್ಬನು, ಕೆಳಗಡೆ ಇನ್ನೊಬ್ಬನು, ಒಂದೇ ಜಾತಿಯ ಗಿಡವನ್ನು ಸಾಲುಸಾಲಾಗಿ ನೆಟ್ಟ ದಿನವೇ ಅವರಿಬ್ಬರ ತೋಟ ಎರಡಲ್ಲ, ಒಂದೆಂದಾಯಿತು. ಬೇಲಿಯು ದನಕ್ಕೆ ಬೇಲಿ, ಹೇನಿಗೆ ಅಲ್ಲ. ಸಾವಿರ ಗಿಡವನ್ನು ಒತ್ತಾಗಿ ನೆಟ್ಟು ಕಾಡು ಕೊಡಲಾರದ ಲಾಭವನ್ನು ಪಡೆದವನು, ಕಾಡಿಗಿಲ್ಲದ ಅಪಾಯವನ್ನೂ ನೆರೆಯವನ ಬಾಗಿಲಿಗೆ ತಂದಿಟ್ಟಿದ್ದಾನೆ. ಗುದ್ದಲಿಯ ಮೊದಲ ಏಟೇ ರುಜು. ಆ ಪತ್ರದಲ್ಲಿ ಎರಡು ರುಜುಗಳಿವೆ ಎಂಬುದನ್ನು ಮಾತ್ರ ಮರೆಯತಕ್ಕದ್ದಲ್ಲ. ಮೇಲಿನವನು ಕೀಳುವುದಕ್ಕೆ ಬದ್ಧನಾದರೆ ಕೆಳಗಿನವನು ಅವನ ನಷ್ಟಕ್ಕೆ ಹೆಗಲು ಕೊಡಲು ಬದ್ಧನು. “ಕೀಳಿಸಿ ಹಾಕಿಬಿಡಿ ದೊಡ್ಡಯ್ಯ” ಎಂದು ಬೇಡಿದ ಆ ತರುಣನು, “ನಾನೂ ಬರುತ್ತೇನೆ” ಎಂದು ಸೇರಿಸಿರಲಿಲ್ಲ. ಅದೊಂದು ಮಾತಿದ್ದಿದ್ದರೆ ಮಾವನವರ ಕಿವಿಗೆ ಅದು ಆಜ್ಞೆಯಂತೆ ಕೇಳಿಸುತ್ತಿರಲಿಲ್ಲವೇನೋ.

ಇಷ್ಟು ಹೇಳಿದ ಮೇಲೂ ನನ್ನ ಸಿದ್ಧಾಂತದ ಬುಡಕ್ಕೆ ಒಂದು ಕೊಡಲಿ ಬೀಳುವುದನ್ನು ಮುಚ್ಚಿಡಲಾರೆ. ಮಡಿಕೇರಿಯ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರದವರು ಕಟ್ಟೆಯನ್ನು ತಡೆದುಕೊಳ್ಳುವ ಏಲಕ್ಕಿ ತಳಿಯೊಂದನ್ನು 2001ರಲ್ಲಿ ಹೊರತಂದು ಅದಕ್ಕೆ ವಿಜೇತ ಎಂದು ಹೆಸರಿಟ್ಟರು. ಅದು ಎಲ್ಲಿಂದ ಬಂತು? ಕಟ್ಟೆಯ ಹಾವಳಿ ವಿಪರೀತವಾದ ತೋಟಗಳನ್ನು ಹುಡುಕಿಕೊಂಡು ಹೋಗಿ, ಸುತ್ತಲಿನ ಬುಡಗಳೆಲ್ಲ ಗೆರೆಯೆದ್ದು ಕುಗ್ಗುತ್ತಿರುವಾಗ ನಡುವೆ ಮಾತ್ರ ಹಸುರಾಗಿ ನಿಂತಿದ್ದ ಗಿಡಗಳನ್ನು ಆರಿಸಿ ತಂದು ಪರೀಕ್ಷಿಸಿದ ಫಲ ಅದು. ಎಲ್ಲರೂ ತಮ್ಮ ಹೊಣೆಯನ್ನು ಕಾಲಕಾಲಕ್ಕೆ ಸಲ್ಲಿಸಿ ರೋಗದ ಬುಡಗಳನ್ನು ಕಿತ್ತಿದ್ದರೆ, ಆ ಗಿಡ ಬದುಕಿದ್ದು ತನ್ನ ಶಕ್ತಿಯಿಂದಲೋ ಹೇನು ಬಾರದ ಅದೃಷ್ಟದಿಂದಲೋ ಎಂಬುದು ಹೇಗೆ ತಿಳಿಯುತ್ತಿತ್ತು? ಕೀಳದೆ ಬಿಟ್ಟವರ ಆಲಸ್ಯದಿಂದ, ಹಟದಿಂದ, ಬಡತನದಿಂದ ಅದರ ಸತ್ತ್ವ ಪರೀಕ್ಷೆಗೆ ಬಂದಿತು. ಅಧರ್ಮದಿಂದಲೂ ಲೋಕಕ್ಕೆ ಉಪಕಾರವಾಗುವುದುಂಟೆಂದರೆ ಧರ್ಮದ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ಯಾರಿಗೆ ಬಂದೀತು? ತಜ್ಞರ ಮಾತನ್ನೂ ಎಚ್ಚರದಿಂದ ಹಿಡಿಯಬೇಕು. ಕೊಡಗಿನಲ್ಲಿ 1899ರಲ್ಲಿ ಮೊದಲು ಗುರುತಿಸಲ್ಪಟ್ಟು ನಮ್ಮ ಶ್ರೀಗಂಧದ ಕಾಡುಗಳನ್ನು ತಿಂದುಹಾಕಿದ ಸ್ಪೈಕ್ ರೋಗವನ್ನು ದೊಡ್ಡ ದೊಡ್ಡ ವಿದ್ವಾಂಸರು ದಶಕಗಳ ಕಾಲ ವೈರಸ್ಸಿನದೆಂದೇ ನಂಬಿದ್ದರು. 1969ರಲ್ಲಿ ನೋಡಿದರೆ ಅದು ಬೇರೊಂದು ಜಾತಿಯ ಸೂಕ್ಷ್ಮಜೀವಿ. ಆದರೆ ಇಷ್ಟರಿಂದಲೇ ಕೆಳಗಿನ ತೋಟದ ತರುಣನ ಬಳಿಗೆ ಹೋಗಿ, ನಿನ್ನ ತೋಟ ನಾಶವಾಗಲಿ, ಐವತ್ತು ವರ್ಷಗಳ ಮೇಲೆ ಯಾರಿಗೋ ಒಳ್ಳೆಯ ತಳಿ ಸಿಕ್ಕೀತು ಎನ್ನುವುದಕ್ಕೆ ನನಗಂತೂ ನಾಲಿಗೆ ಬಾರದು. ಅವನ ಸಾಲದ ಕಂತು ಈ ವರ್ಷದ್ದು.

ಇದನ್ನೆಲ್ಲ ನಾನು ಮಾವನವರಿಗೆ ಒಂದು ದೀರ್ಘವಾದ ಪತ್ರದಲ್ಲಿ ಬರೆದಿದ್ದೆ. ಕೋಕೋ ಕಥೆಯನ್ನೂ ಬಿಡಲಿಲ್ಲ. ಎರಡು ತಿಂಗಳು ಉತ್ತರವಿಲ್ಲ. ಮಾಘದಲ್ಲಿ ಅವರ ಮಗಳು ಬರೆದಳು. ಆ ತರುಣನು ಒಂದು ದಿನ ಬೆಳಗ್ಗೆ ಇಬ್ಬರು ಆಳುಗಳನ್ನು ಕರೆದುಕೊಂಡು ಗುದ್ದಲಿ ಸಮೇತ ಬಂದು ಜಗಲಿಯ ಮೇಲೆ ಕೂತನಂತೆ. ಬಾಯಿಬಿಟ್ಟು ಏನನ್ನೂ ಕೇಳಲಿಲ್ಲವಂತೆ. ಮಾವನವರು ಕಾಫಿ ಕೊಡಿಸಿ, ತಾವೂ ಎದ್ದು ಕತ್ತಿ ತೆಗೆದುಕೊಂಡು ಮುಂದೆ ನಡೆದರಂತೆ. ಮೂರು ದಿನ ಕಿತ್ತು ಸುಟ್ಟರು. ಬೀಜದಿಂದ ಎಬ್ಬಿಸಿದ ಸಸಿಗಳನ್ನು ಮುಂಗಾರಿಗೆ ಕೊಡುವುದಾಗಿ ಅವನೇ ಹೇಳಿ ಹೋಗಿದ್ದಾನೆ.

ಹಿತ್ತಲಿನ ಬಾವಿಯ ಬಳಿ, ತೀರಿಹೋದ ಅತ್ತೆಯವರು ತಮ್ಮ ಕೈಯಾರೆ ನೆಟ್ಟ ಒಂದು ಬುಡವಿತ್ತು. ಅದರ ಎಲೆಯಲ್ಲಿಯೂ ಗೆರೆ ಇದ್ದುದನ್ನು ನಾನು ಹೋದಾಗಲೇ ಕಂಡಿದ್ದೆ. ಮಾವನವರು ಅದನ್ನು ಕೀಳಿಸಲಿಲ್ಲವೆಂದು ಅವಳು ಬರೆದಿದ್ದಾಳೆ. ಕೆಳಗಿನ ತೋಟದವನಿಗೆ ಅದು ಗೊತ್ತೋ ಇಲ್ಲವೋ ಎಂಬುದನ್ನು ಬರೆದಿಲ್ಲ, ನಾನೂ ಕೇಳಿಲ್ಲ.